ಗುರುವಾರದ ಮೋಟಾರು

ಮೋಟಾರು ಕೆಟ್ಟು ನಿಲ್ಲಲಿ ಎಂದು ದೇವರಿಗೆ ಕಾಯಿ ಹರಸಿಕೊಂಡವಳು ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಉಳಿದವರೆಲ್ಲ ಅದಕ್ಕೆ ಹಿಡಿಶಾಪ ಹಾಕುತ್ತಿದ್ದರು. ಅವರ ಶಾಪದಲ್ಲಿ ತಪ್ಪೇನೂ ಇರಲಿಲ್ಲ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಬರುತ್ತಿದ್ದ ಆ ಮೋಟಾರು ಬಸ್ಸು ಯಾವಾಗ ಹೊರಡುತ್ತದೆ ಎಂಬುದು ಅದನ್ನು ನಡೆಸುವವನಿಗೂ ಗೊತ್ತಿರುತ್ತಿರಲಿಲ್ಲ. ಯಾವಾಗ ಮುಟ್ಟುತ್ತದೆ ಎಂಬ ಮಾತಂತೂ ಬಿಟ್ಟೇ ಬಿಡಿ. ಆದರೆ ನನ್ನ ಹೊಸ ಸಂಸಾರದ ದಿನಗಳಲ್ಲಿ ನಾನು ಉಂಡ ಸುಖದಲ್ಲಿ ದೊಡ್ಡ ಪಾಲು ಆ ಮೋಟಾರು ಕೆಟ್ಟದ್ದರಿಂದಲೇ ಬಂದದ್ದು. ಅದನ್ನು ಬೈಯುವುದಕ್ಕೆ ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಆಗ ನಮ್ಮ ಕಡೆ ನಿಜಾಮರ ರಾಜ್ಯ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು, ಇಲ್ಲಿ ನಮ್ಮಲ್ಲಿ ಪೆಟ್ರೋಲು ಕಾಣೆಯಾಗಿತ್ತು. ಹಾಗಾಗಿ ಮೋಟಾರಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಸುಟ್ಟು, ಆ ಹೊಗೆಯ ಬಲದಿಂದ ಗಾಡಿ ಓಡಿಸುತ್ತಿದ್ದರು. ಹೊರಡುವ ಮೊದಲು ಒಬ್ಬ ಕೂತು ಪೀಪಾಯಿಗೆ ಗಾಳಿ ಹಾಕಬೇಕು. ಇದ್ದಿಲು ಹಸಿಯಿದ್ದರೆ ಗಾಳಿ ಹಾಕಿದವನ ಕಣ್ಣು ಕೆಂಪಾಗುತ್ತಿತ್ತೇ ಹೊರತು ಮೋಟಾರು ಮಿಸುಕುತ್ತಿರಲಿಲ್ಲ. ಒಣಗಿದ್ದರೆ ಹೊರಟೀತು; ಆದರೆ ಮುಂದಿನ ಸೀಟಿಗೆ ಯಾರೋ ಸಾಹೇಬರು ಬರುವವರಿದ್ದಾರೆ ಎಂದರೆ ಅವರ ಊಟ, ಎಲೆ ಅಡಿಕೆ, ಒಂದು ಸಣ್ಣ ನಿದ್ದೆ ಎಲ್ಲ ಮುಗಿಯುವ ತನಕ ನಾವು ಬಿಸಿಲಲ್ಲಿ ಬೇಯುತ್ತ ಕೂತಿರಬೇಕು. ಮೇಲೆ ಹತ್ತಿಯ ಅಂಡಿಗೆ, ಕೋಳಿಯ ಬುಟ್ಟಿ, ಒಮ್ಮೊಮ್ಮೆ ಕಾಲು ಕಟ್ಟಿದ ಆಡು. ಆ ಆಡು ದಾರಿಯುದ್ದಕ್ಕೂ ಒದರುತ್ತಿತ್ತು, ಒಳಗಿದ್ದ ನಾವೂ ಒದರುತ್ತಿದ್ದೆವು.

ಮಸ್ಕಿಯ ಹಳ್ಳಕ್ಕೆ ಬಂದಿತೆಂದರೆ ಅದು ನಿಲ್ಲಲೇಬೇಕು. ಇಳಿಜಾರಿನಲ್ಲಿ ಸಡಗರದಿಂದ ಇಳಿಯುವುದು, ಉಸುಕಿನಲ್ಲಿ ಒಮ್ಮೆ ಕೆಮ್ಮುವುದು, ಸುಮ್ಮನಾಗುವುದು. ಗಂಡಸರು ಧೋತರ ಎತ್ತಿ ಕಟ್ಟಿ ನೂಕಲು ಇಳಿಯುತ್ತಿದ್ದರು. ಹೆಂಗಸರು ನಾವು ಗಂಟುಗಳನ್ನು ಹಿಡಿದುಕೊಂಡು ಆಚೆ ದಂಡೆಯ ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಯಾರದೋ ಸಜ್ಜೆರೊಟ್ಟಿ, ಯಾರದೋ ಪುಂಡಿಪಲ್ಯ, ಯಾರದೋ ಶೇಂಗಾ ಚಟ್ನಿ. ಊಟ ಮುಗಿಯುವಷ್ಟರಲ್ಲಿ ಯಾರ ಮಗಳನ್ನು ಯಾರ ಮನೆಗೆ ಕೊಟ್ಟರೆ ಚಂದ ಎಂಬ ಮಾತುಕತೆಯೂ ಅರ್ಧ ಮುಗಿದಿರುತ್ತಿತ್ತು. ಆ ಗಿಡದ ಕೆಳಗೆ ಕುದುರಿದ ಎರಡು ಮದುವೆಗಳಲ್ಲಿ ನಾನೇ ಊಟ ಮಾಡಿ ಬಂದಿದ್ದೇನೆ.

ನನ್ನ ತವರು ಸಿಂಧನೂರು. ಕೊಟ್ಟದ್ದು ಲಿಂಗಸುಗೂರಿನ ಒಂದು ಒಕ್ಕಲುತನದ ಮನೆಗೆ. ಮನೆ ದೊಡ್ಡದು, ಜೋಳದ ಹಗೇವು ತುಂಬಿದ್ದವು, ಉಣ್ಣಲು ಉಡಲು ಯಾವುದಕ್ಕೂ ಕಡಿಮೆಯಿರಲಿಲ್ಲ. ಊರವರೆಲ್ಲ ಗೌಡ್ರು ಎನ್ನುತ್ತಿದ್ದ ನನ್ನ ಮಾವನವರು ಕಚೇರಿಗೆ ಓಡಾಡಿದವರು, ಮಾತಿಗೊಮ್ಮೆ ‘ಜಬಾನ್ ಅಂದ್ರ ಜಬಾನ್’ ಎನ್ನುತ್ತಿದ್ದರು; ಕೊಟ್ಟ ಮಾತು ತಪ್ಪಬಾರದು ಎಂಬುದೊಂದೇ ಅವರ ಹಟ. ಸೊಸೆ ತವರಿಗೆ ಹೋಗುವಾಗ ತಿರುಗಿ ಬರುವ ದಿನ ಗೊತ್ತುಮಾಡಿಯೇ ಕಳಿಸುವುದು ಆ ಮನೆಯ ಪದ್ಧತಿ. ಸೋಮವಾರ ಹೋಗಬೇಕು, ಗುರುವಾರ ಬರಬೇಕು. ಸುಗ್ಗಿಗೊಮ್ಮೆ, ಹಬ್ಬಕ್ಕೊಮ್ಮೆ ಸಿಗುವ ಈ ದಿನಗಳಲ್ಲಿ ಹೋಗಿ ಕೂತು ಅವ್ವನ ಮುಖ ನೋಡುವಷ್ಟರಲ್ಲಿ ಗಂಟು ಕಟ್ಟುವ ಹೊತ್ತು ಬಂದಿರುತ್ತಿತ್ತು. ಇನ್ನೆರಡು ದಿನ ಇರುತ್ತೇನೆ ಎಂದು ಕೇಳುವ ಮಾತೇ ಇಲ್ಲ. ಹೆಣ್ಣು ಕೊಟ್ಟವರಾದ ನಮ್ಮ ಅಪ್ಪ ಅವ್ವನೂ ಕೇಳುವ ಹಾಗಿರಲಿಲ್ಲ.

ಆದರೆ ಮೋಟಾರಿಗೆ ಜಬಾನ್ ಎಂಬುದು ಇರಲಿಲ್ಲವಲ್ಲ. ಅದು ಓಡುತ್ತಿದ್ದದ್ದು ಸೋಮವಾರ ಮತ್ತು ಗುರುವಾರ ಮಾತ್ರ. ಬೆಳಿಗ್ಗೆ ಸಿಂಧನೂರಿಗೆ ಬಂದು ಮಧ್ಯಾಹ್ನ ತಿರುಗಿ ಹೋಗಬೇಕು. ಗುರುವಾರ ಅದು ಕೈಕೊಟ್ಟಿತೆಂದರೆ ನನ್ನ ಹಬ್ಬ ಶುರುವಾಗುತ್ತಿತ್ತು. ಮರುದಿನ ನಮ್ಮ ಅಪ್ಪ ಚಕ್ಕಡಿ ಹೂಡಿ ಕಳಿಸಬಹುದಿತ್ತು, ಆದರೆ ಮರುದಿನ ಶುಕ್ರವಾರ. ಶುಕ್ರವಾರ ಮಗಳನ್ನು ಮನೆಯಿಂದ ಕಳಿಸಿದರೆ ಅವಳ ಬೆನ್ನಿಗೆ ಲಕ್ಷ್ಮಿಯೂ ಹೊರಟು ಹೋಗುತ್ತಾಳೆ ಎಂದು ನಮ್ಮಲ್ಲಿ ನಂಬಿಕೆ. ಶನಿವಾರ ಅವ್ವ ಯಾರಿಗೂ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಕೊರಳಿಗೆ ನೊಗ ಇಡುವಂತಿಲ್ಲ. ನಡುವೆ ಉಳಿದದ್ದು ಐತವಾರ ಒಂದು. ಅವತ್ತು ಅಪ್ಪ ದನದ ಕೊಟ್ಟಿಗೆಯ ಕಡೆ ನೋಡಿ, ‘ನಾಳಿ ಹೆಂಗೂ ಮೋಟಾರ ಬರ್ತೈತಿ, ಸುಮ್ನ ಎತ್ತಿಗ್ಯಾಕ ತ್ರಾಸು’ ಎನ್ನುತ್ತಿದ್ದ. ಹೀಗೆ ಒಂದು ಗುರುವಾರ ತಪ್ಪಿದರೆ ಸೋಮವಾರದ ತನಕ ನನ್ನನ್ನು ಅಲ್ಲಾಡಿಸುವವರು ಯಾರೂ ಇರಲಿಲ್ಲ.

ಲಿಂಗಸುಗೂರಿನ ಮನೆಯಲ್ಲಿ ಎರಡು ಜೋಡಿ ಒಳ್ಳೆ ಎತ್ತುಗಳಿದ್ದವು. ನಾನು ಹೊರಟಾಗಲೆಲ್ಲ ಮಾವನವರು, ‘ಗುರುವಾರ ಕರಕೊಂಡು ಬರಾಕ ಚಕ್ಕಡಿ ಕೊಡ್ತೀನಿ, ಹೇಳಿದ ದಿನ ಮನಿ ಮುಟ್ಟತಾಳ’ ಎನ್ನುತ್ತಿದ್ದರು. ಬೇಡ ಎನ್ನುತ್ತಿದ್ದವರು ಅತ್ತೆಯವರು.

‘ಎತ್ತಿಗೆ ಹೊಲದಾಗ ಕೆಲಸ ಐತಿ. ಮೋಟಾರದಾಗ ಹೋಗಿ ಮೋಟಾರದಾಗ ಬರ್ಲಿ,’ ಎಂದು ಬೀಸುಕಲ್ಲಿನ ಮುಂದಿನಿಂದ ಏಳದೆಯೇ ಹೇಳುತ್ತಿದ್ದರು. ಅತ್ತೆಯವರದು ಮಾತು ಕಡಿಮೆ, ನಗು ಇನ್ನೂ ಕಡಿಮೆ. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲೂ ಇದೇ ಮಾತು. ಮೆತ್ತಗೆ ಹುಲ್ಲು ಹಾಸಿದ ಚಕ್ಕಡಿ ಮನೆಯ ಮುಂದೆ ನಿಂತಿರುವಾಗ ನನ್ನನ್ನು ಆ ಹೊಗೆಯಲ್ಲಿ ಕೂಡಿಸುತ್ತಾರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಮೋಟಾರು ಕೆಟ್ಟು ನಾಲ್ಕು ದಿನ ಹೆಚ್ಚಿಗೆ ಸಿಕ್ಕಾಗ ಆ ಸಿಟ್ಟು ಇಳಿಯುತ್ತಿತ್ತು, ಮುಂದಿನ ಸಲ ಮತ್ತೆ ಏರುತ್ತಿತ್ತು.

ಹೀಗೆ ಒಂದಾದ ಮೇಲೊಂದು ಗುರುವಾರ ತಪ್ಪಿದಾಗ ಮಾವನವರಿಗೆ ಸಂಶಯ ಬಂತು. ಮೋಟಾರು ಕೆಡುವುದೇನು ಹೊಸದಲ್ಲ, ಆದರೆ ಬೀಗರ ಊರಿಗೆ ಹೋದಾಗಲೇ ಹೀಗೇಕೆ ಕೆಡುತ್ತದೆ ಎಂದು ಅವರ ತಕರಾರು. ಆ ಸಲ ಸಂಕ್ರಾಂತಿ ಮುಗಿಸಿ ನಾನು ತವರಿಗೆ ಹೊರಟಾಗ ಅವರು ನನ್ನೆದುರಿಗೇ ಅತ್ತೆಯವರಿಗೆ ಹೇಳಿದರು: ‘ಗುರುವಾರ ನೀನ ಹೋಗಿ ಸೊಸಿನ ಕರಕೊಂಡು ಬಾ. ನೀ ಹೋದಿ ಅಂದ್ರ ಯಾವ ನೆಪಾನೂ ನಡ್ಯಾಂಗಿಲ್ಲ.’

ಅತ್ತೆಯವರು ‘ಹೂಂ’ ಎಂದರು, ಅಷ್ಟೆ.

ನನ್ನ ಎದೆ ಒಡೆದು ಹೋಯಿತು. ಅದೂ ಅಲ್ಲದೆ ಆ ಸಲ ನನಗೆ ಗುರುವಾರ ಸಾಲುತ್ತಿರಲಿಲ್ಲ. ನನ್ನ ತಂಗಿಯನ್ನು ಗಂಗಾವತಿಯ ಆಚೆ ಒಂದು ಹಳ್ಳಿಗೆ ಕೊಟ್ಟಿತ್ತು. ಅವಳ ಮದುವೆಯಲ್ಲಿ ನೋಡಿದ ಮೇಲೆ ನಾನು ಅವಳ ಮುಖ ಕಂಡಿರಲಿಲ್ಲ. ನಾನು ಬಂದಾಗ ಅವಳನ್ನು ಕಳಿಸುತ್ತಿರಲಿಲ್ಲ, ಅವಳು ಬಂದಾಗ ನನ್ನನ್ನು ಕಳಿಸುತ್ತಿರಲಿಲ್ಲ. ನಡುವೆ ಅವಳಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಆ ಕೂಸು ನನ್ನಂತೆಯೇ ಮೂಗು ಮುರಿಯುತ್ತದೆ ಎಂದು ಅವ್ವ ಹೇಳಿಕಳಿಸಿದ್ದಳು. ಸಿಂಧನೂರಿಗೆ ಹೋದ ಮೇಲೆ ತಿಳಿಯಿತು, ತಂಗಿ ಕೂಸನ್ನು ಕಟ್ಟಿಕೊಂಡು ಶುಕ್ರವಾರ ಚಕ್ಕಡಿಯಲ್ಲಿ ಬರುತ್ತಾಳೆ, ಐತವಾರ ಹೊರಟುಬಿಡುತ್ತಾಳೆ. ನಾನು ಹೋಗಬೇಕಾದದ್ದು ಗುರುವಾರ. ಒಂದೇ ಒಂದು ದಿನದ ಅಂತರ.

ಗುರುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಮೋಟಾರು ಕೆಡಲಿ ಎಂದು ಕಾಯುತ್ತಿದ್ದೆವು. ನಾನು ಈಶ್ವರನಿಗೆ ಕಾಯಿ ಹರಸಿಕೊಂಡದ್ದು ಅವತ್ತೇ. ಅವ್ವ ಮಾತ್ರ ಒಂದು ಕಣ್ಣು ಬೀಗತಿ ಬರುವ ದಾರಿಯ ಮೇಲಿಟ್ಟು, ಒಂದು ವೇಳೆ ಬಂದರೆ ಇರಲಿ ಎಂದು ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಅಪ್ಪ ಮೋಟಾರು ನಿಲ್ಲುವ ಅಡ್ಡೆಗೆ ಹೋಗಿ ಬಂದವನು ಅಂಗಳದಲ್ಲಿ ನಿಂತು, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ, ‘ಮೋಟಾರ ಬಂದೈತಿ’ ಎಂದ.

ಬಂದದ್ದಷ್ಟೇ ಅಲ್ಲ, ಹೇಳಿದ ಹೊತ್ತಿಗೆ ಬಂದಿತ್ತು. ಹಿಂದೆಂದೂ ಆಗದ್ದು. ಅತ್ತೆಯವರು ಸೀರೆಯ ಮೇಲೆ ಒಂದು ಕರಿ ಚುಕ್ಕೆಯೂ ಇಲ್ಲದೆ ಅಪ್ಪನ ಹಿಂದೆ ನಡೆದು ಬಂದರು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲವಂತೆ, ಮಸ್ಕಿಯ ಹಳ್ಳವನ್ನು ಒಂದೇ ಉಸಿರಿಗೆ ದಾಟಿತಂತೆ. ಡ್ರೈವರ್ ಹೊಸ ಸಾಮಾನು ಹಾಕಿಸಿದ್ದಾನಂತೆ. ಅವನ ಕೈ ಮುರಿಯಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಊಟಕ್ಕೆ ಕೂತಾಗ ಅವ್ವ ಬೀಗತಿಗೆ ಏನೂ ಕೇಳಲಿಲ್ಲ. ಅವಳು ಮಾತಾಡಿದ್ದು ನನ್ನ ಜೊತೆ, ಆದರೆ ದನಿ ಮಾತ್ರ ಎಲೆಯ ಮುಂದೆ ಕೂತವರಿಗೆ ಕೇಳುವಷ್ಟಿತ್ತು.

‘ನಿನ್ನ ಪಾಲಿನ ಹೋಳಿಗಿ ನಾಳಿಗೆ ತೆಗೆದಿಡ್ತೀನಿ. ತಂಗಿ ಬರ್ತಾಳಲ್ಲ, ಅಕಿ ತಿಂದ್ರ ನೀ ತಿಂದಂಗ.’

ಅತ್ತೆಯವರು ತುಪ್ಪ ಹಾಕಿಸಿಕೊಳ್ಳುತ್ತಿದ್ದ ಕೈ ತಡೆದರು. ‘ಯಾವ ತಂಗಿ? ಗಂಗಾವತಿ ಕಡಿ ಕೊಟ್ಟಾಕಿ?’

‘ಹೌದ್ರಿ. ಕೂಸು ಕರಕೊಂಡು ಬರಾಕತ್ಯಾಳ.’

‘ಮೋಟಾರದಾಗ ಏನು?’

‘ಇಲ್ರಿ, ಚಕ್ಕಡ್ಯಾಗ.’

‘ಚಕ್ಕಡಿ ಅಂದ್ರ ಬಂದ ಬರ್ತಾಳ,’ ಎಂದು ಅತ್ತೆಯವರು ಹೋಳಿಗೆ ಮುರಿದರು. ಮುಂದೆ ಆ ಮಾತು ಬರಲಿಲ್ಲ. ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ‘ನಡಿ ಇನ್ನ’ ಎಂದರು.

ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಅರಿವೆ. ಅವಳ ಕಣ್ಣೀರು ಆ ಅಕ್ಕಿಯ ಮೇಲೆ ಬಿತ್ತು, ನನ್ನದೂ ಬಿತ್ತು. ಅಪ್ಪ ಗಂಟು ಹೊತ್ತುಕೊಂಡು ಅಡ್ಡೆಯ ತನಕ ಬಂದ, ಮೋಟಾರಿನ ಗಾಲಿ ನೋಡುತ್ತ ನಿಂತ. ಡ್ರೈವರ್ ಅವತ್ತು ಮದುಮಗನ ಹಾಗೆ ಓಡಾಡುತ್ತಿದ್ದ. ಬಂದು ಹೋದವರಿಗೆಲ್ಲ, ‘ನೋಡ್ರಿ, ಹೆಂಗ ಐತಿ ದನಿ’ ಎಂದು ಇಂಜಿನು ತೋರಿಸುತ್ತಿದ್ದ. ಸಾಹೇಬರು ಯಾರೂ ಬರುವವರಿರಲಿಲ್ಲ. ಇದ್ದಿಲು ಒಣಗಿತ್ತು. ನನ್ನ ದೇವರು ಅವತ್ತು ಬೇರೆ ಯಾರದೋ ಕಾಯಿ ತಿನ್ನುತ್ತಿದ್ದ. ಮೋಟಾರು ಒಮ್ಮೆಗೇ ಶುರುವಾಯಿತು, ಹೊರಟೇ ಬಿಟ್ಟಿತು.

ಊರ ಹೊರಗಿನ ಬಾವಿಯ ಹತ್ತಿರ ಡ್ರೈವರ್ ಪ್ರತಿ ಸಲದಂತೆ ಗಾಡಿ ನಿಲ್ಲಿಸಿ, ಇಂಜಿನಿಗೆ ನೀರು ಹಾಕಲು ಕೊಡ ಹಿಡಿದುಕೊಂಡು ಇಳಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಅತ್ತೆಯವರು ನನ್ನ ಮೊಣಕೈ ತಿವಿದರು.

‘ಇಳಿ,’ ಎಂದರು. ‘ಮೋಟಾರ ಕೆಟ್ಟೈತಿ.’

ನನಗೆ ತಿಳಿಯಲಿಲ್ಲ. ಅವರು ಆಗಲೇ ಗಂಟು ಎತ್ತಿಕೊಂಡು ಬಾಗಿಲಿನ ಹತ್ತಿರ ಹೋಗಿದ್ದರು. ನಾನೂ ಹಿಂದಿನಿಂದ ಇಳಿದೆ. ಡ್ರೈವರ್ ಕೊಡ ಕೆಳಗಿಟ್ಟು ಓಡಿ ಬಂದ.

‘ಯಾಕಬೇ ಯವ್ವಾ, ಯಾಕ ಇಳದ್ರಿ?’

‘ನಿನ್ನ ಮೋಟಾರ ಕೆಟ್ಟು ನಿಂತೈತಲ್ಲ.’

‘ಕೆಟ್ಟಿಲ್ರಿ. ನೀರು ಹಾಕಾಕ ನಿಲ್ಸೀನಿ.’

‘ನಿಂತೈತೋ ಇಲ್ಲೋ?’

‘ನಿಂತೈತ್ರಿ. ನಿಂತದ್ದು ಖರೆ. ಆದ್ರ...’

‘ನಿಂತೈತಿ ಅಂತ ನೀನ ಒಪ್ಪಿದಿ. ಮುಗೀತು. ಈ ಮೋಟಾರ ನಂಬಿ ಸೊಸಿನ ಕರಕೊಂಡು ಹೋಗಿ ನಾ ಮಸ್ಕಿ ಹಳ್ಳದಾಗ ಕೂಡ್ಲೇನು? ನಾವು ಸೋಮವಾರ ಬರ್ತೀವಿ.’

ಒಳಗಿದ್ದವರು ನಗಲು ಶುರುಮಾಡಿದರು. ಡ್ರೈವರನ ಮುಖ ನೋಡುವಂತಿರಲಿಲ್ಲ. ಹಿಂದೆ ಆ ಮೋಟಾರು ಕೆಟ್ಟು ನಿಂತಾಗ ಜನ ಏನೆಲ್ಲ ಬೈದರೂ ಅವನು ಬೀಡಿ ಸೇದುತ್ತ ಕೂತಿರುತ್ತಿದ್ದ. ಅವತ್ತು ಮಾತ್ರ ಅವನಿಗೆ ನಿಜವಾಗಿ ನೋವಾಯಿತು.

‘ಯವ್ವಾ, ಇಷ್ಟು ವರ್ಷದಾಗ ಇವತ್ತೊಂದಿನ ನನ್ನ ಮೋಟಾರ ನೆಟ್ಟಗ ಓಡಾಕತ್ತೈತಿ. ಇವತ್ತ ಅದಕ್ಕ ಹೆಸರಿಡಬ್ಯಾಡ್ರಿ. ಗೌಡ್ರು ಕೇಳಿದ್ರ ನಾ ಏನು ಹೇಳ್ಲಿ?’

‘ಖರೆ ಹೇಳು. ಸಿಂಧನೂರಾಗ ಮೋಟಾರ ನಿಂತಿತ್ತು, ಯವ್ವಾರು ಇಳದ್ರು ಅಂತ ಹೇಳು. ಅದರಾಗ ಸುಳ್ಳು ಏನೈತಿ?’

ಅವನು ಕೊಡ ಎತ್ತಿಕೊಂಡು ಇಂಜಿನಿಗೆ ನೀರು ಹಾಕಿ, ನಮ್ಮ ಕಡೆ ನೋಡದೆ ಗಾಡಿ ಹತ್ತಿದ. ಮೋಟಾರು ಹೋದ ಮೇಲೆ ಆ ದಾರಿಯಲ್ಲಿ ನಾವಿಬ್ಬರೇ ಉಳಿದೆವು. ಎರಡೂ ಕಡೆ ಎರೆಹೊಲದಲ್ಲಿ ಬಿಳಿಜೋಳ ತೆನೆ ತೂಗುತ್ತಿತ್ತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಅತ್ತೆಯವರು, ‘ಮುಖ ಒರಿಸಿಕೋ. ಮೋಟಾರ ಕೆಟ್ಟು ಬಂದವರು ಹಿಂಗ ನಕ್ಕೋತ ಹೋಗ್ತಾರೇನು?’ ಎಂದು ಗಂಟನ್ನು ನನ್ನ ತಲೆಗೆ ಏರಿಸಿದರು.

ಮನೆಯ ಬಾಗಿಲಲ್ಲಿ ಒಂದು ತೊಡಕು ಎದುರಾಯಿತು. ಉಡಿ ತುಂಬಿ ಕಳಿಸಿದ ಮಗಳು ಅದೇ ದಿನ ತುಂಬಿದ ಉಡಿಯಲ್ಲಿ ತಿರುಗಿ ಬಂದರೆ ಹೊಸ್ತಿಲು ದಾಟಿಸಬಹುದೋ ಬಾರದೋ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತು ತಡಬಡಿಸಿದಳು. ಅತ್ತೆಯವರು ಅವಳ ಗಾಬರಿಗೆ ಅವಕಾಶವನ್ನೇ ಕೊಡಲಿಲ್ಲ. ‘ನಿಮ್ಮ ಮಗಳು ಎಲ್ಲಿ ಬಂದಾಳ? ಬೀಗತಿ ಬಂದೀನಿ, ನನ್ನ ಸೊಸಿ ನನ್ನ ಜೋಡಿ ಬಂದಾಳ. ಮೊದಲ ಕಾಲಿಗೆ ನೀರು ಕೊಡ್ರಿ,’ ಎಂದು ತಾವೇ ಮುಂದಾಗಿ ಒಳಗೆ ನಡೆದರು. ಅವರ ಹಿಂದೆ ನಾನೂ ನುಸುಳಿದೆ. ಅವ್ವ ಕೈಯಲ್ಲಿ ತಂಬಿಗೆ ಹಿಡಿದುಕೊಂಡು ಅಪ್ಪನ ಮುಖ ನೋಡಿದಳು. ಅಪ್ಪ ಬೇರೆ ಕಡೆ ತಿರುಗಿ ಮೀಸೆಯೊಳಗೆ ನಗುತ್ತಿದ್ದ.

ಶುಕ್ರವಾರ ಮಧ್ಯಾಹ್ನ ತಂಗಿಯ ಚಕ್ಕಡಿ ಬಂತು. ಅವಳು ನನ್ನನ್ನು ಅಂಗಳದಲ್ಲಿ ಕಂಡವಳು ಗಾಡಿ ನಿಲ್ಲುವ ಮೊದಲೇ ಜಿಗಿದಳು, ಕೂಸನ್ನು ನನ್ನ ಕೈಗೆ ಹಾಕಿ ಕೊರಳಿಗೆ ಜೋತುಬಿದ್ದಳು. ಕೂಸು ನನ್ನನ್ನು ನೋಡಿ ಮೂಗು ಮುರಿಯಿತು. ಎಂಥ ದಿನಗಳು ಅವು! ಒಂದೇ ಕೌದಿಯಲ್ಲಿ ಮಲಗಿದೆವು, ಒಂದೇ ಗಂಗಾಳದಲ್ಲಿ ಉಂಡೆವು. ಅವಳ ಅತ್ತೆಯನ್ನು ಅವಳು ಅಣಕಿಸಿದಳು. ನಾನು ನನ್ನ ಅತ್ತೆಯನ್ನು ಅಣಕಿಸಲು ಬಾಯಿ ತೆರೆದವಳು, ಪಡಸಾಲೆಯಲ್ಲಿ ಅವರು ಕೂತದ್ದು ಕಂಡು ಮುಚ್ಚಿದೆ. ಅವರು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಮೂರೂ ದಿನ ಆ ಕೂಸಿಗೆ ನೀರೆರೆದವರು ಅವರೇ. ಅವರು ಹಾಡಿನ ದನಿ ತೆಗೆದದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ.

ಐತವಾರ ತಂಗಿ ಹೋದಳು. ಸೋಮವಾರ ಮೋಟಾರು ಬಂದಾಗ ಮಧ್ಯಾಹ್ನ ಮುಗಿಯುತ್ತ ಬಂದಿತ್ತು. ಡ್ರೈವರ್ ಅತ್ತೆಯವರನ್ನು ಕಂಡವನೇ ದೂರದಿಂದ ಕೈ ಮುಗಿದ. ‘ಯವ್ವಾ, ನಿಮ್ಮ ಬಾಯಾಗ ಏನೈತೋ ಏನೋ. ಅವತ್ತು ಮಸ್ಕಿ ದಾಟಿ ಒಂದು ಹರದಾರಿ ಹೋಗಿಲ್ಲ, ನಿಂತೇ ಬಿಡ್ತು. ಶುಕ್ರವಾರ ಎತ್ತು ಹೂಡಿ ಎಳಕೊಂಡು ಹೋಗೀವಿ. ಗೌಡ್ರು ಅಡ್ಡೆಗೆ ಬಂದು, ನನ್ನ ಹೆಂಡ್ತಿ ಶಾಣ್ಯಾಕಿ, ಮೊದಲ ಇಳದಾಳ ಅಂದ್ರು.’

‘ನಾ ಹೇಳಿದ್ನಲ್ಲ, ಕೆಟ್ಟೈತಿ ಅಂತ,’ ಎಂದರು ಅತ್ತೆಯವರು, ಮುಖದ ಒಂದು ಗೆರೆಯೂ ಅಲ್ಲಾಡದೆ.

ಮಸ್ಕಿಯ ಹಳ್ಳಕ್ಕೆ ಬಂದಾಗ ಮೋಟಾರು ತನ್ನ ಹಳೆಯ ಚಾಳಿಗೆ ಮರಳಿತು. ಗಂಡಸರು ಬೈಯುತ್ತ ಧೋತರ ಎತ್ತಿ ಕಟ್ಟಿದರು. ನಾವು ಬೇವಿನ ಗಿಡದ ಕೆಳಗೆ ಕೂತು ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆವು. ಸಂಜೆಯ ಬಿಸಿಲು ಉಸುಕಿನ ಮೇಲೆ ಬಿದ್ದಿತ್ತು. ಅಷ್ಟು ದಿನ ಗಂಟಲಲ್ಲಿದ್ದ ಮಾತನ್ನು ನಾನು ಅಲ್ಲಿ ಕೇಳಿದೆ.

‘ಅತ್ತಿ, ಮಾವನೋರು ಚಕ್ಕಡಿ ಕೊಡ್ತೀನಿ ಅಂದಾಗೆಲ್ಲ ನೀವು ಬ್ಯಾಡ ಅಂತಿದ್ರಿ. ಬರೋ ದಿನ ಗುರುವಾರ ಅಂತ ಗೊತ್ತುಮಾಡ್ತಿದ್ದವ್ರೂ ನೀವೇ ಅಲ್ಲೇನ್ರಿ?’

‘ಮತ್ತ್ಯಾರು? ಅವ್ರಿಗೆ ಯಾವ ವಾರ ಆದ್ರೇನು, ಜಬಾನ್ ಉಳದ್ರ ಸಾಕು. ಗುರುವಾರ ಮೋಟಾರ ತಪ್ಪಿದ್ರ ಮುಂದ ಸೋಮವಾರತನ ನಿನಗ ಹಾದಿ ಇಲ್ಲ. ನಾನೂ ಹೆಣ್ಮಗಳಲ್ಲೇನು? ನನಗೂ ವಾರ ಎಣಸಾಕ ಬರ್ತೈತಿ.’

ಇಷ್ಟು ವರ್ಷ ಆ ಹೊಗೆಯಲ್ಲಿ ನನ್ನನ್ನು ಕೂಡಿಸಿದ್ದು ಅದಕ್ಕಾಗಿ. ಅವರು ರೊಟ್ಟಿ ಮುರಿದು ನನ್ನ ಕೈಗೊಂದು ಚೂರು ಕೊಟ್ಟರು, ಹಳ್ಳದ ಕಡೆ ನೋಡುತ್ತ ಮಾತಾಡಿದರು.

‘ನನಗೂ ಒಬ್ಬಾಕಿ ತಂಗಿ ಇದ್ಲು. ನಾ ತವರಿಗೆ ಹೋದ ಒಂದ್ಸಲ, ನಾ ಹೊರಡೋ ದಿನ ಸಂಜೀಕ ಅಕಿ ಬರಾಕಿ ಇದ್ಲು. ಸಂಜೀ ಮಟ ಇರ್ತೀನಿ ಅಂತ ಕೇಳಾಕ ಬಾಯಿ ಬರ್ಲಿಲ್ಲ. ಹೊತ್ತು ಹುಟ್ಟಾಕ ಗಂಡನ ಮನಿಯಿಂದ ನಮ್ಮ ಚಕ್ಕಡಿ ಬಾಗಿಲಿಗೆ ಬಂದು ನಿಂತಿತ್ತು. ಹಾದಿ ತುಂಬ ಒಂದು ಗಾಲಿ ಮುರೀಲಿ, ಒಂದು ಎತ್ತು ಕುಂಟಲಿ ಅಂತ ಬೇಡಿಕೊಂಡ ಹೋದೆ. ಮರುವರ್ಷ ಆ ಊರಿಗೆ ಬ್ಯಾನಿ ಬಂತು, ಅಕಿ ಹೋದ್ಲು. ಅಕಿ ಮಕ ನಾ ಮತ್ತ ನೋಡ್ಲಿಲ್ಲ.’

ಹಳ್ಳದಲ್ಲಿ ಇಂಜಿನು ಒಮ್ಮೆ ಕೆಮ್ಮಿ ಶುರುವಾಯಿತು. ಜನ ಹೋ ಎಂದು ಕೂಗಿದರು. ಡ್ರೈವರ್ ಕೈ ಬೀಸಿ ನಮ್ಮನ್ನು ಕರೆದ. ನಾನು ಬುತ್ತಿಯ ಅರಿವೆ ಕಟ್ಟಲು ಹೋದರೆ ಅತ್ತೆಯವರು ನನ್ನ ಕೈ ಹಿಡಿದರು.

‘ಕೂಡ್ರು, ಅದು ಹೆಂಗೂ ಮತ್ತ ನಿಂದ್ರತೈತಿ,’ ಎಂದರು. ‘ನಮ್ಮ ಚಕ್ಕಡಿ ನೋಡವ್ವ, ಎಂದೂ ಕೆಡಲಿಲ್ಲ.’